ಗೋವಿಂದರಾಜು ಅವರ ವಿದೇಶಿ ಸ್ನೇಹಿತ

ಮನೆಯಲ್ಲಿ ಬಾಯಿ ತೆರೆಯಲು ಬಿಡುವುದಿಲ್ಲ ಎಂಬ ಕೊರಗು ಎಲ್ಲ ಗಂಡಂದಿರಿಗೂ ಇರುತ್ತದೆ. ಸರಸ್ವತಿಪುರಂನ ಗೋವಿಂದರಾಜು ಅವರ ಕೊರಗೇ ಬೇರೆ. ಅವರ ಹೆಂಡತಿ ಪಂಕಜಾ, ಮಾತಾಡಿ, ಮಾತಾಡಿ ಎಂದು ಪ್ರಾಣ ತಿನ್ನುತ್ತಿದ್ದರು. ಅದೂ ತಮ್ಮ ಜೊತೆಯಲ್ಲ, ರೇಡಿಯೋದಲ್ಲಿ.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಗೋವಿಂದರಾಜು ಪರೀಕ್ಷೆ ಕಟ್ಟಿ, ಹವ್ಯಾಸಿಗಳು ಊರೂರಿನಿಂದ ತಮ್ಮತಮ್ಮಲ್ಲೇ ಮಾತಾಡುವ ಹ್ಯಾಮ್ ರೇಡಿಯೋಗೆ ಸರ್ಕಾರದಿಂದ ಲೈಸೆನ್ಸ್ ಪಡೆದು, ಕೇಳಲೂ ಮಾತಾಡಲೂ ಆಗುವಂಥ ದೊಡ್ಡ ಸೆಟ್ಟೊಂದನ್ನು ಮನೆಗೆ ತಂದಿದ್ದರು. "ಪ್ರವಾಹ, ಭೂಕಂಪ ಆದಾಗ ಫೋನೆಲ್ಲ ಸತ್ತುಹೋಗುತ್ತೆ ಕಣೇ. ಆಗ ಜನಕ್ಕೆ ನಾವೇ ದಿಕ್ಕು" ಎಂದು ಪಂಕಜಾ ಅವರನ್ನು ಒಪ್ಪಿಸಿದ್ದರು. ಮಹಡಿಯಿಂದ ಪಕ್ಕದ ಮನೆ ಗಿರಿಜಾಂಬಾ ಅವರ ಸಂಪಿಗೆ ಮರಕ್ಕೆ ಆಂಟೆನಾ ತಂತಿ ಎಳೆಯುವಾಗ ಆ ಮಹಾತಾಯಿಗೂ ಅದೇ ಪ್ರವಾಹ, ಅದೇ ಭೂಕಂಪ. (ಮೈಸೂರಲ್ಲಿ ಎಂಥ ಭೂಕಂಪ ಎಂದು ಆಕೆ ಕೇಳಲಿಲ್ಲ. ಗಾಬರಿಯಲ್ಲೇ ಒಪ್ಪಿಬಿಟ್ಟರು.)

ತೊಂದರೆ ಒಂದೇ. ಮೈಕು ಕೈಗೆ ಬಂದರೆ ಸಾಕು, ಗೋವಿಂದರಾಜು ಅವರ ಗಂಟಲು ಕಟ್ಟಿಹೋಗುತ್ತಿತ್ತು. ಊರೂರಿನ ಹ್ಯಾಮ್‌ಗಳು ಲೋಕಾಭಿರಾಮವಾಗಿ ಹರಟುತ್ತಿದ್ದರೆ, ಇವರು ಹೆಬ್ಬೆರಳನ್ನು ಮೈಕಿನ ಗುಂಡಿಯಿಂದ (ಅದನ್ನು ಒತ್ತಿದರೆ ಮಾತ್ರ ಮಾತು ಆಚೆ ಹೋಗುವುದು) ತೆಗೆದು, ಮೆಲ್ಲಗೆ ನಾಬ್ ತಿರುಗಿಸಿ, ಪರದೇಶದ ಶಾರ್ಟ್‌ವೇವ್ ಸ್ಟೇಷನ್ನುಗಳ ಕಡೆ ಜಾರಿಕೊಳ್ಳುತ್ತಿದ್ದರು. ಅಲ್ಲಿ ಬರೀ ಕೇಳುವುದು. ಮಾತಾಡಲು ಹ್ಯಾಮ್‌ಗಳಿಗೆ ಅಪ್ಪಣೆಯೇ ಇಲ್ಲ. ಎಂಥ ಸುಖ! ಅರಬ್ಬಿ ಹಾಡು, ಚೀನೀ ವಾರ್ತೆ, ಎಲ್ಲಿಯದೋ ಹವಾಮಾನ. ಅರ್ಥವಾಗಬೇಕೆಂಬ ಬಲವಂತವೂ ಇಲ್ಲ. ಲೋಕಕಲ್ಯಾಣಕ್ಕೆಂದು ಬಂದ ಯಂತ್ರ ಹೀಗೆ ಗೋವಿಂದರಾಜುಕಲ್ಯಾಣದಲ್ಲಿ ತೊಡಗಿತ್ತು. ಅದಿಲ್ಲದ ಬೆಳಗನ್ನು ಅವರು ನೆನೆಸಿಕೊಳ್ಳಲೂ ಒಪ್ಪುತ್ತಿರಲಿಲ್ಲ.

ತಂತಿ ಮರದ ಕೊಂಬೆಯನ್ನು ಕೊರೆಯುತ್ತಿದೆ ಎಂದು ಗಿರಿಜಾಂಬಾ ದೂರು ತಂದ ದಿನ ಪಂಕಜಾ ತಾಳ್ಮೆ ಕಳೆದುಕೊಂಡರು.

"ರೀ, ನೀವು ಆ ಮೈಕಲ್ಲಿ ಒಂದೇ ಒಂದು ಮಾತಾಡಿದ್ದು ನಾನು ಕೇಳಿಲ್ಲ. ಬರೀ ಕುಂಯ್ ಕುಂಯ್, ಗೊರ್ ಗೊರ್!"

"ಕೇಳೋದೇ ದೊಡ್ಡ ಕೆಲಸ ಕಣೇ. ಒಂಥರಾ ತಪಸ್ಸು."

"ತಪಸ್ಸಿಗೆ ತಂತಿ ಯಾಕ್ರೀ? ಭಾನುವಾರ ಗಿರಿಜಾಂಬಾ ಅವ್ರ ಮುಂದೆ ಯಾರ ಜೊತೆಗಾದ್ರೂ ಮಾತಾಡಿ ತೋರಿಸಿ. ಇಲ್ಲ ಅಂದ್ರೆ ತಂತಿ ಬಿಚ್ಬುಡಿ, ಸೆಟ್ಟನ್ನ ಅಟ್ಟಕ್ಕೆ ಹಾಕ್ಬುಡಿ."

ಅಟ್ಟ ಎಂದ ಕೂಡಲೇ ಗೋವಿಂದರಾಜು ಅವರ ಬುದ್ಧಿ ಚುರುಕಾಯಿತು. ಬೆಳಗಿನ ಎರಡನೇ ಕಾಫಿ ಹೊತ್ತಿಗೆ ಒಂದು ಸ್ಟೇಷನ್ ಸಿಗುತ್ತಿತ್ತು. ಯಾವ ದೇಶವೋ, ಯಾವ ಭಾಷೆಯೋ. ಆದರೆ ಅಲ್ಲಿನ ಮನುಷ್ಯ ಬಲು ಸಭ್ಯಸ್ಥ. ಒಂದು ಮಾತು ಹೇಳಿ ಸುಮ್ಮನಾಗುತ್ತಾನೆ, ಇನ್ನೊಂದು ಹೇಳಿ ಮತ್ತೆ ಸುಮ್ಮನಾಗುತ್ತಾನೆ. ಆ ಬಿಡುವಿನಲ್ಲಿ ತಾವು ಮಾತು ತುರುಕಿದರೆ? ಗುಂಡಿ ಒತ್ತುವ ಹಾಗಿಲ್ಲ, ಆದ್ದರಿಂದ ಗಂಟಲು ಕಟ್ಟುವ ಭಯವೂ ಇಲ್ಲ.

ಭಾನುವಾರ ಅದೇ ಕಾಫಿ ಹೊತ್ತಿಗೆ ಗಿರಿಜಾಂಬಾ ರೇಷ್ಮೆ ಸೀರೆ ಉಟ್ಟು ಬಂದು ಕೂತರು. ಸೆಟ್ಟಿನಿಂದ ಗಂಡಸಿನ ದನಿಯೊಂದು ಏನೋ ಅಂದಿತು. ಬಿಡುವು.

"ನಮಸ್ಕಾರ, ನಮಸ್ಕಾರ! ನಾವೆಲ್ಲ ಕ್ಷೇಮ" ಎಂದರು ಗೋವಿಂದರಾಜು, ಹೆಬ್ಬೆರಳನ್ನು ಗುಂಡಿಯಿಂದ ದೂರವಿಟ್ಟು.

"ಅಯ್ಯೋ, ಅವ್ರಿಗೆ ಕನ್ನಡ ಬರುತ್ತಾ?" ಗಿರಿಜಾಂಬಾ ಬಾಯಿ ಬಿಟ್ಟರು.

"ಮೈಸೂರಿಗೆ ಬಂದು ಯೋಗ ಕಲಿತು ಹೋದವ್ರು. ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ. ಅವ್ರ ಭಾಷೇಲಿ ನಂದೂ ಅದೇ ಕಥೆ."

ಮತ್ತೆ ದನಿ. ಮತ್ತೆ ಬಿಡುವು.

"ಹೌದೌದು, ಪರಿಸ್ಥಿತಿ ಗಂಭೀರ" ಎಂದು ಗೋವಿಂದರಾಜು ಹುಬ್ಬು ಗಂಟಿಕ್ಕಿ, ಇತ್ತ ತಿರುಗಿ ಅನುವಾದಿಸಿದರು: "ಅಲ್ಲಿ ವಿಪರೀತ ನೆರೆಯಂತೆ."

ಅಷ್ಟರಲ್ಲಿ ಸೆಟ್ಟಿನಿಂದ ಒಂದು ಹಿಂಡು ಮಕ್ಕಳು ಒಟ್ಟಿಗೆ ಕೂಗಿದವು. ಇದು ಗೋವಿಂದರಾಜು ಅವರ ಲೆಕ್ಕದಲ್ಲಿರಲಿಲ್ಲ.

"ಮೊಮ್ಮಕ್ಕಳು" ಎಂದರು. "ಕೂಡು ಕುಟುಂಬ. ನೀರು ನುಗ್ಗಿ ಎಲ್ರೂ ಒಂದೇ ರೂಮಲ್ಲಿ ಸಿಕ್ಕಾಕ್ಕೊಂಡಿದಾರೆ."

ಗಿರಿಜಾಂಬಾ ಅವರ ಕಣ್ಣು ತುಂಬಿತು. "ಪಾಪ, ಮಕ್ಳು ಏನಾದ್ರೂ ತಿಂದ್ವಾ ಕೇಳಿ!"

ಕೇಳಿದರು. ಆ ಮನುಷ್ಯ ಒಂದು ಪದ ಹೇಳಿದ. ಮಕ್ಕಳೂ ಅದನ್ನೇ ಕೂಗಿದವು.

"ಉಪ್ಪಿಟ್ಟಂತೆ" ಎಂದರು ಗೋವಿಂದರಾಜು.

ಪಂಕಜಾ ಅದುವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. (ಅಳು ತಡೆಯುತ್ತಿದ್ದಾಳೆಂದು ಗಂಡ ಭಾವಿಸಿದ್ದರು.) ಈಗ ಮೆಲ್ಲಗೆ ಕೇಳಿದರು, "ಗಂಡಸರು ಮನೇಲಿ ನಿಜ ಹೇಳ್ತಾರಾ ಅಂತ ಆ ಮಕ್ಕಳನ್ನ ಕೇಳ್ರೀ."

ಮಕ್ಕಳು ಮೊದಲಿಗಿಂತ ಜೋರಾಗಿ ಕೂಗಿದವು.

"ಯಾವಾಗ್ಲೂ ಅಂತೆ" ಎಂದರು ಗೋವಿಂದರಾಜು, ಬೆವರು ಒರೆಸಿಕೊಂಡು.

ಗಿರಿಜಾಂಬಾ ಎದ್ದು ಕೈಮುಗಿದರು. "ನಿಮ್ಮಂಥ ಪುಣ್ಯಾತ್ಮರ ತಂತಿ ಬಿಚ್ಚಿಸ್ತೀನಾ? ಇಡೀ ಮರ ನಿಮ್ದೇ ಅಂದ್ಕೊಳ್ಳಿ!" ಎಂದು ಮೂಗು ಒರೆಸಿಕೊಳ್ಳುತ್ತ ಮನೆಗೆ ಹೋದರು.

ಪಂಕಜಾ ಬಾಗಿಲು ಹಾಕಿ ಬಂದು, ಸೆಟ್ಟು ಆರಿಸಿ, ಗಂಡನ ಎದುರಿಗೆ ಕುರ್ಚಿ ಎಳೆದುಕೊಂಡರು.

"ಜೀವಮಾನವೆಲ್ಲ ಒಂದನೇ ಕ್ಲಾಸಿಗೆ ಪಾಠ ಹೇಳಿದೋಳು ಕಣ್ರೀ ನಾನು. ಮೇಷ್ಟ್ರು ಒಂದ್ಸಲ, ಮಕ್ಳು ಒಂದ್ಸಲ. ಯಾವ ಭಾಷೆ ಆದ್ರೇನು, ಆ ರಾಗ ನಂಗೆ ಗೊತ್ತಾಗಲ್ವಾ? ಆ ಕೂಸುಗಳು ಮಗ್ಗಿನೋ ಕಾಗುಣಿತಾನೋ ಕಲೀತಿದ್ರೆ, ನೀವು ನೆರೇಲಿ ಮುಳುಗಿಸಿ ಉಪ್ಪಿಟ್ಟು ತಿನ್ನಿಸ್ಬುಟ್ರಲ್ಲ!"

ಗೋವಿಂದರಾಜು ಅವರ ಗಂಟಲು ಕಟ್ಟಿತು. ಈ ಸಲ ಕೈಯಲ್ಲಿ ಮೈಕೂ ಇರಲಿಲ್ಲ.

"ಗಿರಿಜಾಂಬಾಗೆ ಹೇಳ್ಬೇಡ ಕಣೇ..."

"ಹೇಳಲ್ಲ. ತಂತೀನೂ ಇರ್ಲಿ, ಸೆಟ್ಟೂ ಇರ್ಲಿ." ಗಂಡನ ಮುಖ ಅರಳುವಷ್ಟು ಹೊತ್ತು ಕಾದು, ಪಂಕಜಾ ಮುಂದುವರಿಸಿದರು. "ಈಗ ನಾನು ಹೇಳಿದ್ದನ್ನ ತಿರುಗಿ ಹೇಳಿ. ನಾಳೆಯಿಂದ ತರಕಾರಿ ಹೆಚ್ಚೋದು ನಾನು."

ಬಿಡುವು.

"ನಾಳೆಯಿಂದ ತರಕಾರಿ ಹೆಚ್ಚೋದು ನಾನು."

"ಪಾತ್ರೆ ತೊಳೆಯೋದೂ ನಾನೇ."

ಬಿಡುವು. ಗೋವಿಂದರಾಜು ಏನೋ ಗೊಣಗಿದರು.

"ಕೊನೇ ಬೆಂಚಿಗೆ ಕೇಳಿಸ್ಲಿಲ್ಲ. ಜೋರಾಗಿ!"

"ಪಾತ್ರೆ ತೊಳೆಯೋದೂ ನಾನೇ!" ಗೋವಿಂದರಾಜು ಕೂಗಿದರು.

ಕಾಂಪೌಂಡಿನ ಆಚೆಯಿಂದ ಗಿರಿಜಾಂಬಾ ಅವರ ಭಕ್ತಿಪೂರ್ವಕ ದನಿ ತೇಲಿಬಂತು. "ಪಂಕಜಾ, ಸ್ನೇಹಿತರು ಮತ್ತೆ ಸಿಕ್ಕಿದ್ರಾ?"

"ಸಿಕ್ಕಿದ್ರು ಕಣ್ರೀ" ಎಂದು ಪಂಕಜಾ ಕಿಟಕಿಯಿಂದ ಉತ್ತರಿಸಿದರು. "ಈಗ ಲೈನು ಭಾಳ ಕ್ಲಿಯರ್ ಆಗಿದೆ!"