ಹೆಬ್ಬಾವಿನ ತೇವವೂ ನನ್ನ ಖಡಕ್ ರೊಟ್ಟಿಯೂ

ಆಗ ನನಗೆ ಎಪ್ಪತ್ತೊಂದು. ಐದು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಬೇರೆ ಹೆಂಗಸರು ಜಪಮಣಿ ತಿರುಗಿಸುತ್ತಾರೆ, ಇಲ್ಲವೆ ಸೊಸೆಯ ಮೇಲೆ ದೂರು ಹೇಳುತ್ತಾರೆ. ನನಗೆ ಎರಡಕ್ಕೂ ಪುರುಸೊತ್ತಿರಲಿಲ್ಲ. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯಲ್ಲಿ, ನನ್ನ ಹಾಸಿಗೆಯ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಹೆಬ್ಬಾವಿಗೆ ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತ ಕೂತಿದ್ದೆ. ಓದಿದವರು ಇದಕ್ಕೆ ಹವ್ಯಾಸ ಎನ್ನುತ್ತಾರಂತೆ. ನಾನು ಕಲಿತದ್ದು ಮೂರನೆಯ ಇಯತ್ತೆ. ನನಗೆ ಗೊತ್ತಿರುವ ಹೆಸರು ಕಾಟ. ಕನ್ನಡದವರ ಕೂಟಕ್ಕೆ ಹೋದರೆ ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು, “ಹಾಲೆರೀತೀರಾ ಅಮ್ಮಾ?” ಹಾಲಲ್ಲ ತಾಯಿ, ನೀರು. ಅದೂ ಹುತ್ತಕ್ಕಲ್ಲ, ಗಾಳಿಗೆ.

ಹಾವು ಬಂದದ್ದು ಸೊಸೆಯ ಕಡೆಯಿಂದ. ತವರಿನಿಂದಲ್ಲ, ಆಸ್ಪತ್ರೆಯಿಂದ. ಸೊಸೆ ವಸುಧಾ ಮೈಸೂರಿನವಳು, ಇಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳನ್ನು ನಿದ್ದೆ ಮಾಡಿಸುವ ಡಾಕ್ಟರು. ಅವಳ ಜೊತೆಗಿದ್ದ ನರ್ಸೊಬ್ಬಳು ತನ್ನ ದೇಶಕ್ಕೆ ಹೊರಟಾಗ, ಸಾಕಿದ ಹಾವನ್ನು ಯಾರಿಗೆ ಬಿಡಲಿ ಎಂದು ಅತ್ತಳಂತೆ. ಇವಳು ಕರಗಿದಳು. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚದ ಮನೆತನದಲ್ಲಿ ಹುಟ್ಟಿದವಳು ಗ್ಯಾರೇಜಿನಲ್ಲಿ ಬೇರೆ ಫ್ರಿಜ್ ಇಟ್ಟು ಅದರ ತುಂಬ ಸತ್ತ ಇಲಿ ಜೋಡಿಸಿದಳು. ಹಾವಿನ ಹೆಸರು ಬಿಸ್ಕತ್ತು. ಆ ನರ್ಸು ಇಟ್ಟದ್ದು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ನನ್ನದು ಎಂದು ಪೆಟ್ಟಿಗೆಯನ್ನು ಅಲ್ಲಿಗೇ ತಂದರು.

“ಬಿಸ್ಕತ್ತು ತುಂಬಾ ಸಾಧು ಅತ್ತೆ, ನಿಮಗೆ ಏನೂ ತೊಂದರೆ ಕೊಡಲ್ಲ” ಎಂದಳು ವಸುಧಾ.

“ಸಾಧು ಇದ್ರ ಹಿಮಾಲಯಕ್ಕ ಹೋಗಲಿ” ಎಂದೆ.

ಹಾವು ತೊಂದರೆ ಕೊಡಲಿಲ್ಲ, ಅದು ನಿಜ. ಸುತ್ತಿಕೊಂಡು ಬಿದ್ದಿರುತ್ತಿತ್ತು. ನನ್ನ ಯಜಮಾನರೂ ರಿಟೈರಾದ ಮೇಲೆ ಹೀಗೆಯೇ ಇದ್ದರು, ಅವರಿಗೆ ಚಹಾ ಬೇಕಾಗುತ್ತಿತ್ತು ಅಷ್ಟೇ ವ್ಯತ್ಯಾಸ. ತೊಂದರೆ ಕೊಟ್ಟದ್ದು ಪೆಟ್ಟಿಗೆಯೊಳಗಿನ ಗಾಳಿ. ಆ ಗಾಳಿ ನೂರಕ್ಕೆ ಅರವತ್ತರಷ್ಟು ಹಸಿ ಇರಬೇಕಂತೆ. ಪೊರೆ ಬಿಡುವ ಕಾಲಕ್ಕೆ ಎಪ್ಪತ್ತು. ಕಡಿಮೆಯಾದರೆ ಪೊರೆ ಹರಿದು ಮೈಗೆ ಅಂಟುತ್ತದೆ, ಹೆಚ್ಚಾದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ. ಅದನ್ನು ಅಳೆಯಲು ಒಳಗೆ ಮುಳ್ಳಿನ ಒಂದು ಪುಟ್ಟ ಗಡಿಯಾರ. ಇಂಗ್ಲಿಷು ಬರದಿದ್ದರೂ ಅಂಕಿ ಬರುತ್ತದೆ, ಬಸ್ಸು ಹತ್ತಿ ಇಳಿದು ಕಲಿತದ್ದು. ಹಾಗಾಗಿ ಹಗಲಿಡೀ ಮನೆಯಲ್ಲಿರುವ ನನ್ನ ಕೈಗೆ ನೀರು ಚಿಮ್ಮುವ ಬಾಟಲಿ ಬಂತು. ಪೆಟ್ಟಿಗೆಯ ತಳಕ್ಕೆ ಹಾಸಲು ತೆಂಗಿನ ಸಿಪ್ಪೆಯ ಚೂರು, ಚೀಲದಲ್ಲಿ ತುಂಬಿ ಅಂಗಡಿಯಲ್ಲಿ ಮಾರುತ್ತಾರೆ. ನಾವು ಬಚ್ಚಲ ಒಲೆಗೆ ಹಾಕಿ ಸುಟ್ಟದ್ದರ ಮೇಲೆ ಇಲ್ಲಿ ಹಾವು ಮಲಗುತ್ತದೆ. ಇರಲಿ.

ಬರೀ ನೀರು ಹೊಡೆಯುವುದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದೇ ಮನೆಯಲ್ಲಿ, ನನ್ನ ಕೋಣೆಯಿದ್ದ ಅದೇ ಮಾಳಿಗೆಯ ಮೇಲೆ, ನನ್ನ ಮಗ ಬಸು ಗಾಳಿಯಿಂದ ನೀರು ಹಿಂಡುವ ಮಷೀನು ತಂದು ಇಟ್ಟಿದ್ದ. ಇಲ್ಲಿಯ ಚಳಿಗಾಲದಲ್ಲಿ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅದಕ್ಕೆ ಅದು ಮದ್ದು. ಮಷೀನು ಗುರ್ ಎಂದು ಗಾಳಿಯ ಹಸಿ ಎಳೆದು ತೊಟ್ಟಿ ತುಂಬಿಸುತ್ತಿತ್ತು, ಬಸು ಸಂಜೆ ಬಂದು ಹೆಮ್ಮೆಯಿಂದ ಸುರಿಯುತ್ತಿದ್ದ. “ನೋಡವಾ ಎಷ್ಟ ನೀರ!” ನೋಡುವುದೇನು, ಅದರಲ್ಲಿ ಅರ್ಧ ನಾನು ಹಗಲಿಡೀ ಹೊಡೆದದ್ದು. ಊರಿನಲ್ಲಿ ನಾನು ಬಾವಿಯಿಂದ ನೀರು ಸೇದಿದವಳು. ಒಂದೇ ಮನೆಯಲ್ಲಿ ಹೆಂಡತಿ ಗಾಳಿಗೆ ನೀರು ಹಾಕಿಸುವುದು, ಗಂಡ ಗಾಳಿಯಿಂದ ನೀರು ತೆಗೆಯುವುದು, ಇಬ್ಬರೂ ಓದಿದವರು. ನಡುವೆ ಕರೆಂಟಿನವನು ಬದುಕಿದ.

ಇವರ ಜಗಳ ಮೊದಲು ಮೆಲ್ಲಗಿತ್ತು. ಆಮೇಲೆ ಒಂದು ಸಲ ಹಾವಿನ ಪೊರೆ ಚೂರುಚೂರಾಗಿ ಬಂತು, ಒಂದು ಕಣ್ಣಿನ ಮೇಲಿನ ಪೊರೆ ಬಿಡಲೇ ಇಲ್ಲ. ಪ್ರಾಣಿಗಳ ಡಾಕ್ಟರು ಅದನ್ನು ಬಿಡಿಸಿ, ಮತ್ತೆ ಹೀಗಾದರೆ ಕಣ್ಣು ಹೋಗಬಹುದು ಎಂದು ಹೇಳಿ ಕಳಿಸಿದರು. ಆ ದಿನ ವಸುಧಾ ಊಟ ಮಾಡಲಿಲ್ಲ.

“ಈ ಮನೇಲಿ ಇನ್ನೊಂದು ಸಲ ಹೀಗಾಗೋದು ಬೇಡ. ಮುಂದಿನ ಪೊರೆಯೂ ಕೆಟ್ಟರೆ ಸ್ಟ್ಯಾನ್‌ಮೋರ್ ಡಾಕ್ಟರಿಗೆ ಕೊಟ್ಟುಬಿಡ್ತೀನಿ” ಎಂದಳು. ಸ್ಟ್ಯಾನ್‌ಮೋರಿನ ಡಾಕ್ಟರೆಂದರೆ ಪಕ್ಕದ ಬಡಾವಣೆಯಲ್ಲಿದ್ದ, ರಿಟೈರಾದ ಒಬ್ಬ ಧಾರವಾಡದವರು. ದೊಡ್ಡ ಮನೆ, ಹಾವಿಗೆ ಹಲ್ಲಿಗೆ ಬೇರೆ ಕೋಣೆಯೇ ಇದೆಯಂತೆ.

“ಇವತ್ತ ಕೊಡು. ಮುಂದಿನ ಪೊರಿತನಕ ಯಾಕ ಕಾಯ್ತಿ?” ಎಂದೆ ನಾನು. ಇದು ನಾನು ದಿನಕ್ಕೆ ನಾಲ್ಕು ಸಲ ಆಡುತ್ತಿದ್ದ ಮಾತು. ಆಡಿ ಆಡಿ ನಾಲಿಗೆಗೆ ರೂಢಿಯಾಗಿತ್ತು.

ಇನ್ನು ನನ್ನ ರೊಟ್ಟಿಯ ವಿಷಯ. ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳುವುದು ಬೇಡ, ಉಳಿದವರಿಗೆ ಹೇಳುತ್ತೇನೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದರೆ ಖಡಕ್ ರೊಟ್ಟಿ. ನಮ್ಮೂರಿನಲ್ಲಿ ತಿಂಗಳಿಟ್ಟರೂ ಮುರಿದರೆ ಚಟ್ ಎನ್ನಬೇಕು. ಲಂಡನ್ನಿನಲ್ಲಿ ಮರುದಿನವೇ ಜೋತುಬೀಳುತ್ತದೆ, ಮಳೆಯಲ್ಲಿ ನೆನೆದ ಚಪ್ಪಲಿಯ ಹಾಗೆ. ಹತ್ತಿರದ ಕ್ವೀನ್ಸ್‌ಬರಿಯ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಲೆಯ ಮೇಲಿಟ್ಟೆ, ಹೀಟರಿನ ಮೇಲಿಟ್ಟೆ, ಬಸುವಿನ ಮಷೀನಿನ ಮುಂದೆಯೂ ಹಿಡಿದೆ. ಒಂದು ದಿನ ಕಣ್ಣು ಹಾವಿನ ಪೆಟ್ಟಿಗೆಯ ಮೇಲೆ ಬಿತ್ತು. ಮುಚ್ಚಳ ಜಾಲರಿಯದು, ಒಂದು ತುದಿಗೆ ದೀಪ, ಕೈಯಿಟ್ಟರೆ ಬೆಚ್ಚಗೆ. ಇನ್ನೊಂದು ತುದಿಗೆ ದೊಡ್ಡ ತಾಟು ಇಟ್ಟು ರೊಟ್ಟಿ ಒಟ್ಟಿ ಮೇಲೆ ಪಂಚೆಯ ತುಂಡು ಹೊದಿಸಿದೆ. ಯಾರನ್ನೂ ಕೇಳಲಿಲ್ಲ. ಕೋಣೆ ನನ್ನದು.

ಅವತ್ತಿನಿಂದ ಮುಳ್ಳು ಅರವತ್ತರ ಮೇಲೆ ನಿಂತಿತು. ಮನೆಯಲ್ಲಿ ಹಬ್ಬ. ತಾನು ಹೊಸದಾಗಿ ತಂದ ಅಗಲ ನೀರಿನ ಬಟ್ಟಲಿನಿಂದ ಎಂದಳು ವಸುಧಾ. ತಾನು ಮಷೀನನ್ನು ಮೆಟ್ಟಿಲ ಕಡೆ ತಿರುಗಿಸಿದ್ದರಿಂದ ಎಂದ ಬಸು. ಒಬ್ಬರಿಗೊಬ್ಬರು ಚಹಾ ಮಾಡಿಕೊಟ್ಟರು. ನಾನೊಬ್ಬಳೇ ಉರಿಯುತ್ತಿದ್ದೆ, ಏಕೆಂದರೆ ಅಷ್ಟು ಬೆಚ್ಚಗಿನ ಜಾಗದಲ್ಲೂ ರೊಟ್ಟಿ ಖಡಕ್ ಆಗಲಿಲ್ಲ. ಮೊದಲಿಗಿಂತ ಮೆತ್ತಗಾಯಿತು. ಏಳೆಂಟು ದಿನ ಹಲ್ಲಿಗೆ ಅಂಟುವ ರೊಟ್ಟಿ ತಿಂದು ಸಿಟ್ಟು ನೆತ್ತಿಗೇರಿತು. ಹಾವಿನ ಉಸಿರೇ ಹೀಗಿರಬೇಕು ಎಂದು ಬೈದು ತಾಟು ಎತ್ತಿ ಅಡುಗೆಮನೆಗೆ ಒಯ್ದೆ.

ಸಂಜೆಗೆ ಮುಳ್ಳು ನಲವತ್ತಕ್ಕೆ ಬಿತ್ತು. ಅದೇ ಹೊತ್ತಿಗೆ ಹಾವಿನ ಕಣ್ಣಿಗೆ ಬೂದಿ ಬಣ್ಣ ಬಂದಿತ್ತು. ಪೊರೆ ಬಿಡುವ ಕಾಲ ಬಂತು ಎಂದು ಅದರ ಗುರುತು. ವಸುಧಾ ಕೆಲಸದಿಂದ ಬಂದವಳು ಕೋಟು ಕೂಡ ಬಿಚ್ಚದೆ ಪೆಟ್ಟಿಗೆಯ ಮುಂದೆ ಕೂತಳು.

“ಮತ್ತೆ ಮಷೀನ್ ತಿರುಗಿಸಿದೆಯಾ?” ಎಂದು ಗಂಡನನ್ನು ಕೇಳಿದಳು.

“ನಾ ಮುಟ್ಟೇ ಇಲ್ಲ. ನಿನ್ನ ಬಟ್ಟಲನ್ನ ಕೇಳು.”

“ಬಟ್ಟಲು ಮಾತಾಡುತ್ತಾ ಬಸು?”

“ಮಷೀನೂ ಮಾತಾಡೂದಿಲ್ಲ.”

ವಸುಧಾ ಮುಚ್ಚಳದ ಮೇಲೆ ಕೈಯಾಡಿಸಿದಳು. ಬೆರಳಿಗೆ ಜೋಳದ ಹಿಟ್ಟು ಹತ್ತಿತು. “ಅತ್ತೆ, ಇಲ್ಲೇನಿಟ್ಟಿದ್ರಿ?”

“ರೊಟ್ಟಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಾಲರಿಯ ಅರ್ಧ ಮುಚ್ಚಿದ್ದರಿಂದ ಹಸಿ ಒಳಗೇ ನಿಂತಿತ್ತು, ಉಳಿದ ಹಸಿಯನ್ನು ರೊಟ್ಟಿ ಕುಡಿದಿತ್ತು. ನನ್ನ ರೊಟ್ಟಿ ಹಾಳಾದದ್ದಕ್ಕೂ ಹಾವು ಸುಖವಾಗಿದ್ದದ್ದಕ್ಕೂ ಕಾರಣ ಒಂದೇ.

“ರೊಟ್ಟಿ ವಾಪಸ್ ಇಡಿ ಅತ್ತೆ” ಎಂದಳು ವಸುಧಾ.

“ರೊಟ್ಟಿ ಯಾಕ? ಒಂದ ಟವಲ್ ಹಾಕು. ಮುಚ್ಚೂದ ತಾನ ಬೇಕಾದ್ದು?”

“ಬೇಡ. ಟವಲ್ ಹಾಕಿದ್ರೆ ಹೆಚ್ಚಾಗುತ್ತೋ ಕಮ್ಮಿ ಆಗುತ್ತೋ ಗೊತ್ತಿಲ್ಲ. ರೊಟ್ಟಿ ಹಾಕಿದ್ರೆ ಅರವತ್ತೆರಡು ಬರುತ್ತೆ ಅಂತ ಗೊತ್ತು, ಎಪ್ಪತ್ತಕ್ಕೆ ಏರಿಸೋಕೆ ಮೇಲೆ ಸ್ವಲ್ಪ ನೀರು ಹೊಡೆದ್ರೆ ಸಾಕು. ಸರಿಯಾಗಿ ನಡೀತಿರೋದನ್ನ ಮಧ್ಯದಲ್ಲಿ ಬದಲಾಯಿಸಬಾರದು.” ಡಾಕ್ಟರ ಬುದ್ಧಿ. ಹೊರಡುವಾಗ ಇನ್ನೊಂದು ಸೇರಿಸಿದಳು, “ಮತ್ತೆ ಆ ರೊಟ್ಟಿ ನೀವು ತಿನ್ನಬೇಡಿ, ಹಾವಿನ ಜರ್ಮ್ಸ್ ಇರುತ್ತೆ.”

“ಎಂಟ ದಿನಾ ತಿಂದೀನಿ.”

ಅವಳು ಬಿಳಿಚಿಕೊಂಡು ನನ್ನ ನಾಡಿ ಹಿಡಿದಳು. ಹೊಟ್ಟೆ ನೋಯುತ್ತದೆಯೇ, ಜ್ವರ ಇದೆಯೇ ಎಂದು ಕೇಳಿದಳು. ಹನ್ನೆರಡು ವರ್ಷ ಅದೇ ಮನೆಯಲ್ಲಿದ್ದರೂ ಆ ಹುಡುಗಿ ನನ್ನ ಕೈ ಹಿಡಿದದ್ದು ಅದೇ ಮೊದಲು. “ನಂಗೇನೂ ಆಗಿಲ್ಲ, ಹಾವಿಗೆ ಏನರ ಆಗೇದೇನು ನೋಡು” ಎಂದೆ.

ಹೀಗೆ ನಾನು ಹಾವಿಗೋಸ್ಕರ ರೊಟ್ಟಿ ಬಡಿಯತೊಡಗಿದೆ. ಹಳತು ಬೂಷ್ಟು ಹಿಡಿದರೆ ಹೊಸತು, ಅಷ್ಟೇ ದಪ್ಪ, ಅಷ್ಟೇ ಎತ್ತರ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಬಾಯಿಗೆ ಬಂದದ್ದು ಬೈಯುತ್ತಿದ್ದೆ. ಹಾವನ್ನಷ್ಟೇ ಅಲ್ಲ, ಈ ದೇಶದ ಹವೆಯನ್ನು, ಬಾಗಿಲು ಬಡಿಯದೆ ಪಾರ್ಸೆಲ್ ಇಟ್ಟು ಹೋಗುವವರನ್ನು, ತೀರಿಹೋದ ನಾದಿನಿಯನ್ನು. ಎದ್ದು ಹೋಗದೆ ಪೂರ್ತಿ ಕೇಳಿಸಿಕೊಳ್ಳುವುದು ಆ ಮನೆಯಲ್ಲಿ ಅದೊಂದೇ. ಕೆಲವು ದಿನಕ್ಕೆ ಹಾವಿನ ಕಣ್ಣು ತಿಳಿಯಾಯಿತು. ಆಮೇಲೊಂದು ಮಧ್ಯಾಹ್ನ ಮೂತಿಯನ್ನು ಮರದ ತುಂಡಿಗೆ ಉಜ್ಜಿ ಉಜ್ಜಿ, ಕಾಲುಚೀಲ ತಿರುವಿದ ಹಾಗೆ, ತಲೆಯಿಂದ ಬಾಲದ ತುದಿಯವರೆಗೆ ಒಂದೇ ಪೊರೆಯಾಗಿ ಬಿಟ್ಟಿತು. ನಾನು ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕಣ್ಣಿನ ಬಿಲ್ಲೆಗಳು ಅದರಲ್ಲಿದ್ದವು.

ಸಂಜೆ ವಸುಧಾ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಹತ್ತಿರ ಕೂತು ಮೆಲ್ಲಗೆ ಹೇಳಿದಳು, “ಈ ಸಲ ಆಯ್ತು ಅತ್ತೆ. ಆದ್ರೆ ಪ್ರತಿ ಸಲ ನಿಮಗೆ ಎಷ್ಟು ಅಂತ ಕಷ್ಟ ಕೊಡೋದು? ಈ ಕಾಟ ಯಾವಾಗ ತಪ್ಪುತ್ತೆ ಅಂತ ದಿನಾ ಹೇಳ್ತೀರಿ. ನಂಗೇ ಅರ್ಥ ಆಗಲಿಲ್ಲ, ತಪ್ಪು ನನ್ನದೇ. ಸ್ಟ್ಯಾನ್‌ಮೋರ್ ಡಾಕ್ಟರಿಗೆ ಫೋನ್ ಮಾಡಿದ್ದೀನಿ. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತಾರೆ.”

ಬೇಡ ಎನ್ನಲು ಬಾಯಿ ತೆರೆದೆ. “ಚಲೋ ಆತು” ಎಂಬ ಮಾತು ಬಂತು. ಅಷ್ಟು ದಿನದ ರೂಢಿ, ನಾಲಿಗೆ ತನ್ನ ದಾರಿಯನ್ನೇ ಹಿಡಿಯಿತು.

ಮರುದಿನ ಶನಿವಾರ. ಮಗ ಸೊಸೆ ಇನ್ನೂ ಎದ್ದಿರಲಿಲ್ಲ. ಸ್ಟ್ಯಾನ್‌ಮೋರಿನ ಡಾಕ್ಟರು ಪ್ಲಾಸ್ಟಿಕ್ ಪೆಟ್ಟಿಗೆ ಹಿಡಿದು ಬಂದರು. ಒಳಗೆ ಕೂರಿಸಿ ಚಹಾ ಕೊಟ್ಟೆ.

“ನಿಮ್ಮ ಮನ್ಯಾಗ ಮುಳ್ಳ ಕೆಳಗ ಬಂದ್ರ ಯಾರ ನೋಡ್ತಾರ್ರಿ?” ಎಂದು ಕೇಳಿದೆ.

“ಯಾರೂ ನೋಡೂದು ಬ್ಯಾಡ್ರಿ ಅವ್ವಾರ. ಮಷೀನ್ ಐತಿ, ತಾನ ನೀರ ಹೊಡೀತೈತಿ, ತಾನ ನಿಲ್ಲತೈತಿ.”

“ಮತ್ತ ಬೈಯೋರು?”

“ಬೈಯೂದಾ?” ಅವರು ನಕ್ಕರು. “ಹಾವಿಗೆ ಕಿವೀನ ಇಲ್ಲರೀ.”

“ನಮ್ಮ ಮನ್ಯಾಗ ಕಿವಿ ಇದ್ದೋರೂ ಕೇಳೂದಿಲ್ಲ” ಎಂದೆ. ಇನ್ನೊಂದು ಕಪ್ಪು ಚಹಾ ಕುಡಿಸಿ, ಅವರು ತಂದಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಖಾಲಿಯಾಗಿಯೇ ಅವರ ಕೈಗೆ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ ಬಂದೆ.

ವಸುಧಾ ಕಣ್ಣುಜ್ಜುತ್ತ ಕೆಳಗಿಳಿದಳು. “ಡಾಕ್ಟರು ಬಂದಿದ್ರಾ ಅತ್ತೆ?”

“ಬಂದಿದ್ರು. ಹೋದ್ರು.”

ಅವಳು ನನ್ನನ್ನೇ ನೋಡುತ್ತ ಮೆಟ್ಟಿಲ ಮೇಲೆ ನಿಂತಳು.

“ನನ್ನ ಮಾರಿ ಏನ ನೋಡ್ತಿ? ಬಾಟ್ಲಿ ತುಂಬಿ ತಾ, ಮುಳ್ಳ ಇಳಿದೈತಿ” ಎಂದು ಗದರಿ, ನಾನು ಮೇಲೆ ಹೋದೆ.