ಕಣ್ಣಣ್ಣನ ಮೈಂಡು

ಬೊಂಬೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೊಂಬೆಗಳಿಗೆ ಕಣ್ಣು ಕೂರಿಸುತ್ತಿದ್ದ ಕಣ್ಣಣ್ಣನನ್ನು ಆ ಬೆಳಿಗ್ಗೆ ಹೊಸ ಮ್ಯಾನೇಜರು ಒಳಗೆ ಕರೆದರು. ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದು. ಕಣ್ಣಣ್ಣನಿಗೆ ಇಂಗ್ಲಿಷ್ ಅಂದರೆ ಅಲ್ಲೊಂದು ಇಲ್ಲೊಂದು ಪದ.

"ವುಡ್ ಯೂ ಮೈಂಡ್ ಬಿಕಮಿಂಗ್ ಸೂಪರ್‌ವೈಸರ್?" ಎಂದು ನಗುತ್ತಾ ಕೇಳಿದರು.

ಮೈಂಡ್ ಅಂದರೆ ಮನಸ್ಸು. ಸೂಪರ್‌ವೈಸರ್ ಆಗಲು ಮನಸ್ಸಿದೆಯಾ ಎಂದು ಕೇಳುತ್ತಿದ್ದಾರೆ. ಕಣ್ಣಣ್ಣ ಬೆನ್ನು ನೆಟ್ಟಗೆ ಮಾಡಿ, "ಯೆಸ್ ಸರ್. ಯೆಸ್, ಯೆಸ್" ಎಂದ. ಮ್ಯಾನೇಜರ ನಗು ಆರಿಹೋಯಿತು. "ಓ, ಸಾರಿ" ಎಂದು ಫೈಲು ಮುಚ್ಚಿದರು.

ಸಾರಿ ಏಕೆಂದು ಯೋಚಿಸುವ ವ್ಯವಧಾನ ಕಣ್ಣಣ್ಣನಿಗೆಲ್ಲಿ? ಮೆಟ್ಟಿಲಿಳಿಯುವಷ್ಟರಲ್ಲಿ ಹೆಂಡತಿಗೆ ಫೋನು ಮಾಡಿದ್ದ. ಮೇಜು ಮುಟ್ಟುವಷ್ಟರಲ್ಲಿ ಅತ್ತೆ ಮನೆಯವರೆಲ್ಲ ಫೋನು ಮಾಡಿ ಮುಗಿಸಿದ್ದರು. ತುಟಿಗೆ ಬಣ್ಣ ಬಳಿಯುವವರು ಓಡಿ ಬಂದು ಕೈ ಕುಲುಕಿದರು. ಪ್ಯಾಕಿಂಗಿನವರು ಸೂಪರ್‌ವೈಸರ್ ಕೋಣೆಗೆ ಯಾವ ಬಣ್ಣದ ಪರದೆ ಎಂದು ತಮ್ಮತಮ್ಮಲ್ಲೇ ಜಗಳಕ್ಕಿಳಿದರು. ಆ ಸಡಗರದಲ್ಲಿ ಕಣ್ಣಣ್ಣ ಕಣ್ಣು ಕೂರಿಸಿದ ಹನ್ನೆರಡು ಬೊಂಬೆಗಳೂ ಹೊಸದಾಗಿ ಕನ್ನಡಕ ಕಳೆದುಕೊಂಡವರಂತೆ ಮೆಳ್ಳೆಗಣ್ಣು ಬಿಡುತ್ತಿದ್ದವು.

ಊಟದ ಹೊತ್ತಿಗೆ ಸುದ್ದಿ ಕೂದಲು ವಿಭಾಗದ ಜಡೆಯಕ್ಕನನ್ನು ತಲುಪಿತು. ಕಾರ್ಖಾನೆಯಲ್ಲಿ ಸರಿಯಾಗಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಮ್ಯಾನೇಜರು ಏನೆಂದು ಕೇಳಿದರು, ಪದಪದವಾಗಿ ಹೇಳಿ ಎಂದಳು. ಕಣ್ಣಣ್ಣ ಹೇಳಿದ. ಅವಳ ಕೈಯ ಬಾಚಣಿಗೆ ಕೆಳಗೆ ಬಿತ್ತು.

"ಅದು ಮನಸ್ಸಲ್ಲ, ಕಣ್ಣಣ್ಣ. ಅಲ್ಲಿ ಮೈಂಡ್ ಅಂದ್ರೆ ಬೇಡ ಅನ್ನಿಸೋದು. ನಿಮ್ಮದೇನಾದ್ರೂ ಅಭ್ಯಂತರ ಇದೆಯಾ ಅಂತ ಕೇಳಿದ್ದಾರೆ. ನೀವು ಇದೆ, ಇದೆ, ಇದೆ ಅಂತ ಮೂರು ಸಲ ಹೇಳಿ ಬಂದಿದ್ದೀರಿ."

ಕಣ್ಣಣ್ಣ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ, ಹಾಗಾದರೆ ಏನನ್ನಬೇಕಿತ್ತು ಎಂದು ಕೇಳಿದ. ಒಪ್ಪಿಗೆಯಾದರೆ 'ನಾಟ್ ಎಟ್ ಆಲ್' ಎನ್ನಬೇಕೆಂದು ಜಡೆಯಕ್ಕ ಹೇಳಿಕೊಟ್ಟಳು. ಸುತ್ತ ಇದ್ದವರೆಲ್ಲ ಸರದಿಯ ಮೇಲೆ "ವುಡ್ ಯೂ ಮೈಂಡ್" ಎಂದು ಕೇಳಿ ಅವನಿಂದ ಬಾಯಿಪಾಠ ಮಾಡಿಸಿದರು. ಅಷ್ಟರಲ್ಲಿ ಹೆಂಡತಿ ಫೋನು ಮಾಡಿ ಊಟ ಆಯ್ತಾ ಎಂದರೆ, ಅವಳಿಗೂ ಅದೇ ಉತ್ತರ ಹೋಯಿತು.

ಕಣ್ಣಣ್ಣ ಎರಡೆರಡು ಮೆಟ್ಟಿಲು ಹಾರಿ ಏದುಸಿರು ಬಿಡುತ್ತಾ ಒಳಗೆ ನುಗ್ಗಿದ. ಮ್ಯಾನೇಜರು ಅವನನ್ನೇ ಕರೆಸಬೇಕೆಂದಿದ್ದರಂತೆ; ಎದ್ದು ನಿಂತು, "ವುಡ್ ಯೂ ಮೈಂಡ್" ಎಂದು ಶುರುಮಾಡಿದರು.

"ನಾಟ್ ಎಟ್ ಆಲ್ ಸರ್."

ಅವರು ಇನ್ನೂ ಏನೋ ಉದ್ದಕ್ಕೆ ಹೇಳಿ ಮುಗಿಸಿದರು. ಕಣ್ಣಣ್ಣ ಯಾವುದಕ್ಕೂ ಇರಲಿ ಎಂದು ಇನ್ನೆರಡು ಸಲ "ನಾಟ್ ಎಟ್ ಆಲ್" ಎಂದ. ಮ್ಯಾನೇಜರು ಅವನನ್ನು ಅಪ್ಪಿಕೊಂಡೇಬಿಟ್ಟರು. ಅವನೆದುರೇ ಆದೇಶಕ್ಕೆ ಸಹಿ ಹಾಕಿದರು.

ಗೆದ್ದು ಬಂದವನಂತೆ ಕೆಳಗಿಳಿದು ಕೂತ ಕಣ್ಣಣ್ಣನ ಬಳಿಗೆ, ಅರ್ಧ ಗಂಟೆಯಲ್ಲಿ, ಜಡೆಯಕ್ಕ ಒಂದು ಕಾಗದ ಹಿಡಿದು ಬಂದಳು. ಅವಳ ಮುಖ ಬಾಡಿತ್ತು.

"ನನ್ನನ್ನ ಸೂಪರ್‌ವೈಸರ್ ಮಾಡಿದ್ದಾರೆ, ಕಣ್ಣಣ್ಣ. ನಿಮಗೆ ಹೇಗೂ ಬೇಡವಂತಲ್ಲ, ಕೆಲಸ ನನಗೆ ಕೊಟ್ರೆ ನಿಮ್ಮದೇನಾದ್ರೂ ಅಭ್ಯಂತರ ಇದೆಯಾ ಅಂತ ನಿಮ್ಮನ್ನೇ ಕೇಳಿದ್ರಂತೆ. ನೀವು ಏನಂದ್ರಿ?"

ಕಣ್ಣಣ್ಣ ಕೈಯಲ್ಲಿದ್ದ ಬೊಂಬೆಯನ್ನು ಮೇಜಿನ ಮೇಲಿಟ್ಟ.

"ನೀವು ಹೇಳಿಕೊಟ್ಟಿದ್ದೇ ಅಂದೆ, ಅಕ್ಕ. ಒಂದಕ್ಷರ ತಪ್ಪಿಲ್ಲ."