ಸಿರುಗುಪ್ಪ ಸಾಹುಕಾರರ ವಿಲಾಯ್ತಿ ಕಾರು

ದೊಡ್ಡ ಕಾರನ್ನು ಹಳೇದಾದ ಮೇಲೆ ಕೊಂಡವರ ಮನೆಯಲ್ಲಿ ನಗುವಿಗೆ ಬರ ಇರುವುದಿಲ್ಲ. ಒಂದು ಪ್ರಸಂಗ ಮುಗಿಯುವಷ್ಟರಲ್ಲಿ ಇನ್ನೊಂದು ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣ ಗ್ಯಾರೇಜು ಇಟ್ಟಿದ್ದೆ. ಬರುತ್ತಿದ್ದದ್ದು ಲಾರಿ, ಜೀಪು, ಟ್ರ್ಯಾಕ್ಟರು. ಒಂದು ದಿನ ಸಿರುಗುಪ್ಪದ ರೈಸ್ ಮಿಲ್ ಸಾಹುಕಾರರು ಕಪ್ಪು ಬಣ್ಣದ, ಎಂಟು ಸಿಲಿಂಡರಿನ ವಿಲಾಯ್ತಿ ಕಾರು ತಂದು ನಿಲ್ಲಿಸಿದರು. ಅದರ ಮೂತಿ ಗ್ಯಾರೇಜಿನ ಒಳಗಿದ್ದರೆ ಡಿಕ್ಕಿ ಇನ್ನೂ ರಸ್ತೆಯಲ್ಲೇ ಇತ್ತು. ಹೈದರಾಬಾದಿನ ಯಾವುದೋ ಜಮೀನ್ದಾರರ ಮನೆಯಿಂದ ಕೊಂಡಿದ್ದರು.

"ಮೇಸ್ತ್ರಿ, ಇಡೀ ಜಿಲ್ಲಾದಾಗ ಇಂಥಾದು ಇನ್ನೊಂದಿಲ್ಲ" ಎಂದರು.

"ಅದಕ್ಕs ಇದರ ಸಾಮಾನೂ ಜಿಲ್ಲಾದಾಗ ಸಿಗೂದಿಲ್ರಿ" ಎಂದೆ.

ಆದರೂ ಹೇಳುತ್ತೇನೆ, ಹನ್ನೊಂದು ವರ್ಷ ಆ ಕಾರನ್ನು ಓಡುವ ಹಾಗೆ ಇಟ್ಟದ್ದು ಈ ಎರಡು ಕೈ. ಇವತ್ತಿಗೂ ಅದನ್ನು ನೆನೆದರೆ ಎದೆ ಒಂದಿಷ್ಟು ಅಗಲವಾಗುತ್ತದೆ.

ಇಳಿಯದ ಗಾಜು

ಆ ಕಾರಿನ ಕಿಟಕಿ ಗಾಜಿಗೆ ತಿರುಗಿಸುವ ಹಿಡಿ ಇರಲಿಲ್ಲ. ಗುಂಡಿ ಒತ್ತಿದರೆ ತಾನೇ ಇಳಿಯಬೇಕು. ಎರಡನೇ ತಿಂಗಳಿಗೇ ಸಾಹುಕಾರರ ಕಡೆಯ ಗಾಜಿನ ಮೋಟರು ಸುಟ್ಟುಹೋಯಿತು. ಬೇಸಿಗೆ ಬೇರೆ. ಬಳ್ಳಾರಿ ಬಿಸಿಲಿನಲ್ಲಿ ಗಾಜು ಏರಿಸಿಕೊಂಡು ಕೂತರೆ ಮನುಷ್ಯ ಇಡ್ಲಿಯ ಹಾಗೆ ಬೇಯುತ್ತಾನೆ. ಅದಕ್ಕಿಂತ ಸಾಹುಕಾರರಿಗೆ ದೊಡ್ಡ ಚಿಂತೆ ಎಂದರೆ, ದಾರಿಯಲ್ಲಿ ಜನ ನಮಸ್ಕಾರ ಮಾಡಿದರೆ ತಿರುಗಿ ಮಾಡಿದ್ದು ಕಪ್ಪು ಗಾಜಿನಾಚೆ ಯಾರಿಗೂ ಕಾಣುತ್ತಿರಲಿಲ್ಲ. ಅವರು ಒಂದು ಉಪಾಯ ಮಾಡಿದರು. ಯಾರಾದರೂ ಕೈ ಮುಗಿದರೆ ಕಾರು ನಿಧಾನ ಮಾಡಿಸಿ, ಬಾಗಿಲನ್ನೇ ತೆಗೆದು ನಮಸ್ಕಾರ ಹೇಳುತ್ತಿದ್ದರು.

ಮದ್ರಾಸಿನಿಂದ ಮೋಟರು ತರಿಸಿ ಹಾಕಲು ನನಗೆ ಮೂರು ತಿಂಗಳು ಹಿಡಿಯಿತು. ಗಾಜು ಬೆಣ್ಣೆಯ ಹಾಗೆ ಇಳಿಯಿತು. ನಾನು ಬೀಗುತ್ತಾ ಕಾರು ಒಪ್ಪಿಸಿದೆ. ವಾರದೊಳಗೆ ಸಾಹುಕಾರರು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರು.

"ಮತ್ತೇನು ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ಲ, ಅದs ತೊಂದ್ರಿ ಆಗೈತಿ. 'ಸಾಹುಕಾರ್ರು ಎಂಥಾ ದೊಡ್ಡ ಮನುಷ್ಯಾರಪಾ, ನಾವು ಕೈ ಮುಗಿದ್ರ ಬಾಗಿಲs ತೆಗೀತಾರ' ಅಂತಿದ್ರು ಮಂದಿ. ಈಗ 'ಸೊಕ್ಕು ಬಂತು, ಬರೇ ಗಾಜು ಇಳಸ್ತಾರ' ಅಂತಾರ. ಮೇಸ್ತ್ರಿ, ಎಷ್ಟಾರ ಖರ್ಚಾಗ್ಲಿ, ಮೊದಲಿನಂಗ ಕೆಡಿಸಿಕೊಡು!"

ರಾರಾವಿ ದಾರಿಯ ಆವಿ

ಅಂಥ ಕಾರುಗಳ ಹಳೇ ಕಾಯಿಲೆ ಎಂದರೆ ರೇಡಿಯೇಟರ್ ಕಾಯುವುದು. ಚಳಿ ದೇಶಕ್ಕೆಂದು ಮಾಡಿದ ಇಂಜಿನು, ನಮ್ಮ ಬಿಸಿಲಿಗೆ ಹತ್ತು ಮೈಲಿಗೊಮ್ಮೆ ಕುದಿಯುತ್ತಿತ್ತು. ಸಾಹುಕಾರರು ವಾರಕ್ಕೊಮ್ಮೆ ರಾರಾವಿಗೆ ಹೋಗುತ್ತಿದ್ದರು. ಪ್ರತಿ ಸಲವೂ ಒಬ್ಬನೇ ರೈತನ ಗದ್ದೆಯ ಪಕ್ಕಕ್ಕೆ ಬಂದಾಗಲೇ ಬಾನೆಟ್ಟಿನಿಂದ ಆವಿ ಏಳುತ್ತಿತ್ತು. ಕಾರು ನಿಂತಿತು ಎಂದು ಒಪ್ಪಿಕೊಳ್ಳುವ ಪೈಕಿ ಅಲ್ಲ ಅವರು. ಡ್ರೈವರ್ ನೀರು ಹಾಕುವ ತನಕ ಕೆಳಗಿಳಿದು, ಬದುವಿನ ಮೇಲೆ ನಿಂತು, ಬೆಳೆ ನೋಡಲಿಕ್ಕೇ ಬಂದವರ ಹಾಗೆ ತೆನೆ ಮುಟ್ಟಿ ಮುಟ್ಟಿ ನೋಡಿ "ಭೇಷ್!" ಎನ್ನುತ್ತಿದ್ದರು.

ಸುಗ್ಗಿ ಬಂತು. ಆ ರೈತ ಮಿಲ್ಲಿನ ಮುಂದೆ ಬಂಡಿ ಸಾಲು ನಿಲ್ಲಿಸಿದ. "ವಾರಾವಾರ ತಪ್ಪದs ಬಂದು ನೋಡಿ ಭೇಷ್ ಅಂದೀರಿ. ಬ್ಯಾರೆ ವ್ಯಾಪಾರಸ್ತರು ಬಂದ್ರೂ ಕೊಡ್ಲಿಲ್ರಿ ಸಾಹುಕಾರ್ರ, ನಿಮ್ಮ ಸಲುವಾಗೇ ಇಟ್ಟೀನಿ!" ಎಂದ. ಅರ್ಧಕ್ಕರ್ಧ ಜೊಳ್ಳು. ಬೇಡ ಎನ್ನಬೇಕಾದರೆ ಕಾರಿನ ಗುಟ್ಟು ಹೇಳಬೇಕು. ಸಾಹುಕಾರರು ಅಷ್ಟನ್ನೂ ಅಳೆಸಿಕೊಂಡರು.

ಆಮೇಲೆ ನಾನು ಲಾರಿಯ ರೇಡಿಯೇಟರನ್ನು ಕೊಯ್ದು, ಬೆಸೆದು ಆ ಕಾರಿಗೆ ಕೂಡಿಸಿದೆ. ಮುಂದೆಂದೂ ಕುದಿಯಲಿಲ್ಲ. ಸಾಹುಕಾರರ ಮಡದಿ ಅಮ್ಮನವರು ನನ್ನನ್ನು ಕರೆದು ಕೇಳಿದರು: "ಖರೇ ಹೇಳು ಮೇಸ್ತ್ರಿ, ಆ ರೇಡಿಯೇಟರಿಗೆ ಒಟ್ಟು ಎಷ್ಟು ಬಿತ್ತು?"

"ನನ್ನ ಕೂಲಿ ಬಿಟ್ಟು ಎಪ್ಪತ್ತು ಚೀಲ ನೆಲ್ಲು ಬಿತ್ತ್ರಿ ಅಮ್ಮಾ."

ಯಾವ ದೇಶದ್ದು?

ಒಮ್ಮೆ ವಾಟರ್ ಪಂಪ್ ಹೋಯಿತು. ಹೊಸದರ ಬೆಲೆ ಕೇಳಿದ ಸಾಹುಕಾರರು ಹಳೇದನ್ನೇ ನನ್ನ ಮುಂದೆ ತಂದಿಟ್ಟರು. ನಾನು ಪಕ್ಕದ ಲೇತಿನಲ್ಲಿ ಹಿತ್ತಾಳೆಯ ಗಟ್ಟಿಯಿಂದ ಬುಶ್ ಕಡೆಸಿ, ಮಿಲ್ಲಿನ ಹಳೇ ಬೆಲ್ಟಿನಿಂದ ವಾಶರ್ ಕತ್ತರಿಸಿ ಪಂಪನ್ನು ಎಬ್ಬಿಸಿದೆ. ಎರಡು ವರ್ಷ ಒಂದು ಹನಿ ಸೋರಲಿಲ್ಲ.

ಮದ್ರಾಸಿನಿಂದ ವಿಲಾಯ್ತಿ ಕಾರುಗಳ ತಜ್ಞನೊಬ್ಬ ಯಾವುದೋ ಕೆಲಸಕ್ಕೆ ಬಳ್ಳಾರಿಗೆ ಬಂದಿದ್ದ. ಸಾಹುಕಾರರು ಅವನನ್ನು ನನ್ನ ಗ್ಯಾರೇಜಿಗೆ ಕರೆತಂದು ಕಾರು ತೋರಿಸಿದರು. ಬಿಳೀ ಕೋಟು, ಕೈಯಲ್ಲಿ ಟಾರ್ಚು. ಬಾನೆಟ್ ಎತ್ತಿ ಪಂಪಿನ ಮೇಲೆ ಬೆಳಕು ಬಿಟ್ಟವನು ಅಲ್ಲೇ ನಿಂತುಬಿಟ್ಟ. ಬೆರಳಿಟ್ಟು ಸವರಿದ. ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದ, "ಇಷ್ಟು ನಾಜೂಕಿನ ಕೆಲಸ! ಇದು ಯಾವ ದೇಶದ್ದು?"

"ಕೌಲ್ ಬಜಾರದ್ದು" ಎಂದೆ.

ಅವನು ಪುಸ್ತಕ ತೆಗೆದು ಬರೆದುಕೊಂಡ. ಬರೆದು ಮುಗಿಸಿ, ಪೆನ್ನಿನ ಟೋಪಿ ಹಾಕುತ್ತಾ ಕೇಳಿದ: "ಅದು ಜರ್ಮನಿಯಲ್ಲಿ ಬರುತ್ತೋ, ಇಂಗ್ಲೆಂಡಿನಲ್ಲೋ?"

ಬೆನ್ನು ತೋರಿಸದ ಬೀಗರು

ಸಾಹುಕಾರರು ಮಗನಿಗೆ ಕುರುಗೋಡಿನಲ್ಲಿ ಹೆಣ್ಣು ನೋಡಿದರು. ಹುಡುಗಿ ಕಲಿತವಳು, ಮನೆತನ ಒಳ್ಳೆಯದು, ಹುಡುಗನಿಗಂತೂ ಫೋಟೋ ನೋಡಿದಾಗಿನಿಂದ ಊಟ ಸೇರುತ್ತಿರಲಿಲ್ಲ. ಆದರೆ ಹುಡುಗಿಯ ಅಜ್ಜಿಗೆ ಒಂದು ಅನುಮಾನ: ಅಂಥ ಕಾರಿನಲ್ಲಿ ತಿರುಗುವವರಿಗೆ ಸೊಕ್ಕು ಇದ್ದೇ ಇರುತ್ತದೆ. ಆ ಮನೆಯಲ್ಲಿ ಅಜ್ಜಿ ಒಪ್ಪದೆ ಎಲೆಯೂ ಅಲ್ಲಾಡುತ್ತಿರಲಿಲ್ಲ.

ದಾರಿಯಲ್ಲಿ ಕೈ ಕೊಟ್ಟೀತೆಂದು ಸಾಹುಕಾರರು ಅವತ್ತು ನನ್ನನ್ನೇ ಓಡಿಸಲು ಕರೆದರು. ಹೋದದ್ದು ರಾಜಠೀವಿಯಲ್ಲಿ. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಎಲ್ಲಾ ಆಯಿತು. ಅಜ್ಜಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ತಿಳಿಸ್ತೀವಿ" ಎಂದು ಕೈ ಮುಗಿದರು. ನಮ್ಮ ಹುಡುಗನ ಮುಖ ಬಾಡಿತು.

ಬೀಗರಾಗುವವರೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಕಾರು ತಿರುಗಿಸಲೆಂದು ನಾನು ರಿವರ್ಸ್ ಗೇರಿಗೆ ಹಾಕಿದೆ. ಸ್ಟೀರಿಂಗಿನ ಕೆಳಗಿನ ಗೇರಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಎಷ್ಟು ಎಳೆದರೂ ಗೇರು ಮುಂದಕ್ಕೆ ಬರಲೊಲ್ಲದು.

"ಸಾಹುಕಾರ್ರ, ಎರಡು ನಿಮಿಷ ಬಾನೆಟ್ ಎತ್ತಬೇಕು" ಎಂದು ಪಿಸುಗುಟ್ಟಿದೆ.

ಅವರು ಮುಖದ ನಗು ಕೆಡಿಸದೆ ಹಲ್ಲು ಕಚ್ಚಿ ಅಂದರು: "ಇವರ ಮುಂದ ಬಾನೆಟ್ ಎತ್ತಿದ್ರ ನನ್ನ ಮಾನ ಹೋಕ್ಕೈತಿ. ಹೆಂಗ್ ಹೋಕ್ಕೈತೋ ಹಂಗs ಹೊಡಿ!"

ಹೊಡೆದೆ. ತುದಿಗೆ ಅವರ ಮನೆ, ನೆಟ್ಟಗಿನ ಬೀದಿ ಅದು. ಕತ್ತು ಹಿಂದಕ್ಕೆ ತಿರುವಿ, ಆ ಹಡಗಿನಂಥ ಕಾರನ್ನು ಒಂದು ಗೋಡೆಗೂ ತಾಗಿಸದೆ ಹಿಂದು ಹಿಂದಕ್ಕೇ ಊರ ಹೊರಗಿನ ತನಕ ತಂದೆ. ಬೇರೆ ಯಾರಾದರೂ ಮಾಡಿ ತೋರಿಸಲಿ! ಒಳಗೆ ಸಾಹುಕಾರರು, ಅಮ್ಮನವರು, ಹುಡುಗ ಮೂವರೂ ಹುಡುಗಿಯ ಮನೆಯ ಕಡೆಗೇ ಮುಖ ಮಾಡಿ, ಕಾಣುವ ತನಕ ಕೈ ಮುಗಿದುಕೊಂಡೇ ಕೂತಿದ್ದರು. ಊರಾಚೆ ಬಾನೆಟ್ ಎತ್ತಿ ಕಡ್ಡಿ ಬಿಡಿಸಿದೆ. ವಾಪಸ್ ಬರುವಾಗ ಸಂಬಂಧ ಮುರಿಯಿತು ಎಂದೇ ಎಲ್ಲರ ಲೆಕ್ಕ.

ಮಾರನೇ ದಿನ ಕುರುಗೋಡಿನ ಬಸ್ಸಿನಲ್ಲಿ ಹುಡುಗಿಯ ಸೋದರಮಾವ ಸಕ್ಕರೆ ಹಿಡಿದುಕೊಂಡು ಬಂದ. "ನಮ್ಮ ಅವ್ವ ಒಪ್ಪ್ಯಾಳ್ರೀ! 'ಗುಡಿಯಿಂದ ಹೊರಗ ಬರೂವಾಗ ದೇವರಿಗೆ ಬೆನ್ನು ತೋರಸದಂಗ, ನಮ್ಮ ಮನಿಗೆ ಬೆನ್ನು ತೋರಸ್ಲಿಲ್ಲ. ಅಷ್ಟು ದೊಡ್ಡ ಕಾರಿದ್ದೂ ಎಷ್ಟು ಮರ್ಯಾದಿ! ಇಂಥಾ ಮಂದಿ ಎಲ್ಲಿ ಸಿಗ್ತಾರ?' ಅಂತ ರಾತ್ರಿಯೆಲ್ಲಾ ಅದs ಮಾತು" ಎಂದ.

ಮದುವೆ ಕುರುಗೋಡಿನಲ್ಲೇ ಜೋರಾಗಿ ಆಯಿತು. ಅಷ್ಟರಲ್ಲಿ ನಾನು ಗೇರಿನ ಕಡ್ಡಿಗಳನ್ನೆಲ್ಲ ಹೊಸದಾಗಿ ಮಾಡಿಸಿ ಹಾಕಿದ್ದೆ. ಮದುಮಕ್ಕಳನ್ನು ಕೂರಿಸಿಕೊಂಡು, ಅದೇ ಕಟ್ಟೆಯ ಮುಂದೆ ಒಂದೇ ಏಟಿಗೆ ಕಾರು ತಿರುಗಿಸಿ, ನನ್ನ ಕೈಚಳಕವನ್ನು ಊರೆಲ್ಲ ನೋಡಲಿ ಎಂದು ಠೀವಿಯಿಂದ ಮುಂದಕ್ಕೆ ಹೊರಟೆ.

ಹಿಂದಿನಿಂದ ಅಜ್ಜಿಯ ಕೂಗು ಬೀದಿ ತುಂಬ ಕೇಳಿಸಿತು: "ನೋಡ್ರೆ ಯವ್ವಾ, ನೋಡ್ರಿ! ಹುಡುಗಿ ಕೈಗೆ ಸಿಕ್ಕಿದ್ದs ತಡ, ಬೆನ್ನು ತೋರಿಸೇ ಬಿಟ್ರು!"